ಹೈಬ್ರಿಡ್ ರೈ ಮೇವು: ನಮ್ಮ ಹಸುಗಳಿಗೆ ಆಗುತ್ತದಾ?

ಕೊಟ್ಟಿಗೆ ಗೌಡ, ತಿಪಟೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಆರು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹಸು, ಎರಡು ಕರು ಇವೆ. ಎರಡು ಎಕರೆಯಲ್ಲಿ ಸೀಮೆಹುಲ್ಲು, ಮುಸುಕಿನ ಜೋಳ ಹಾಕಿದ್ದೇವೆ. ಮಾರ್ಚ್ ಬಂತೆಂದರೆ ಬೋರಿನಲ್ಲಿ ನೀರು ಕಮ್ಮಿ, ಮೇವಿಗೆ ಪರದಾಟ ಶುರು.

ಹೋದ ವಾರ ಭಾಮೈದ ವಾಟ್ಸಾಪಿನಲ್ಲಿ ಒಂದು ವಿಡಿಯೋ ಕಳಿಸಿದ. ಜರ್ಮನಿಯದಂತೆ. ಎದೆಯುದ್ದ ಬೆಳೆದ ಹಸಿರು, ದೊಡ್ಡ ಯಂತ್ರ ಕತ್ತರಿಸಿಕೊಂಡು ಹೋಗುತ್ತಾ ಇದೆ. ಕೆಳಗೆ "ಹೈಬ್ರಿಡ್ ರೈ, ನೀರು ಬೇಡ, ಗೊಬ್ಬರ ಬೇಡ, ವರ್ಷಕ್ಕೆ ಎಂಟು ಕೊಯ್ಲು" ಅಂತ ಬರೆದು ಒಂದು ಫೋನ್ ನಂಬರ್ ಹಾಕಿದ್ದಾರೆ. ಫೋನ್ ಮಾಡಿದರೆ ಬೀಜ ಕೆಜಿಗೆ 900 ರೂಪಾಯಿ ಅಂದರು. ಇಲ್ಲಿ ಯಾರಾದರೂ ಬೆಳೆದಿದ್ದೀರಾ? ದುಡ್ಡು ಹಾಕಬಹುದಾ?

ಪುತ್ತೂರಿನ ಪೋಕಿರಿ

ನಮ್ಮ ಊರಲ್ಲಿ ಗೇಟು ತಟ್ಟಿದರೆ ಒಬ್ಬರು ರೈ ಸಿಗುತ್ತಾರೆ ಗೌಡ್ರೇ. ಹೈಬ್ರಿಡ್ ಮಾತ್ರ ಇದುವರೆಗೆ ಕಂಡಿಲ್ಲ.

ಮಲೆನಾಡ ಮಂಜು, ಕೊಪ್ಪ

ನಾನು ಟೋಪಿ ಹಾಕಿಸಿಕೊಂಡವನು, ಹಾಗಾಗಿ ಹೇಳುತ್ತೇನೆ. ಎರಡು ವರ್ಷದ ಹಿಂದೆ ನಾನೂ ಆನ್‌ಲೈನಿನಲ್ಲಿ "ರೈ" ಬೀಜ ತರಿಸಿದೆ. ಬಂದಿದ್ದು ರೈಗ್ರಾಸ್. ಎರಡೂ ಒಂದೇ ಅಂದುಕೊಂಡಿದ್ದೆ. ರೈ ಅಂದರೆ ಗೋಧಿ, ಬಾರ್ಲಿ ತರಹದ ಒಂದು ಕಾಳು. ರೈಗ್ರಾಸ್ ಬರೀ ಹುಲ್ಲು. ಬೇರೆ ದೇಶದಲ್ಲಿ ಅದೂ ಒಳ್ಳೆಯ ಮೇವೇ, ಆದರೆ ಜಾತಿಯೇ ಬೇರೆ.

ಬೀಜ ನೋಡಿದರೇ ಗೊತ್ತಾಗುತ್ತದೆ. ರೈ ಕಾಳು ಗೋಧಿಗಿಂತ ಸಪೂರ, ಉದ್ದ, ಬೂದಿಹಸಿರು ಬಣ್ಣ. ರೈಗ್ರಾಸ್ ಬೀಜ ಅಂಗೈಯಲ್ಲಿಟ್ಟು ಊದಿದರೆ ಹಾರಿಹೋಗುತ್ತದೆ, ಹೊಟ್ಟಿನ ಹಾಗೆ. ನನ್ನದು ನವೆಂಬರಿನಲ್ಲಿ ಚೆನ್ನಾಗಿ ಹುಟ್ಟಿತು, ಮೊಣಕಾಲಿಗೂ ಬರಲಿಲ್ಲ, ಮಾರ್ಚಿನ ಬಿಸಿಲಿಗೆ ಹಳದಿಯಾಯಿತು. ನಮ್ಮ ನಾಯಿಗೆ ಮಲಗೋಕೆ ಮೆತ್ತಗಿತ್ತು, ಅಷ್ಟೇ ಲಾಭ.

ಇನ್ನೊಂದು ತಮಾಷೆ. ಊರಿನ ಅಂಗಡಿಯಲ್ಲಿ ಕೇಳಿದಾಗ ಉತ್ತರದ ಕಡೆಯ ಹುಡುಗ "ರಾಯ್ ಇದೆ" ಅಂತ ಸಾಸಿವೆ ಪೊಟ್ಟಣ ಕೊಟ್ಟ.

ಧಾರವಾಡದಿಂದ ಮಿನ್ನೆಸೊಟಾ

ಗೌಡ್ರೇ, ನಾನು ಇಲ್ಲಿ ಅಮೆರಿಕದಲ್ಲಿ ಒಂದು ಡೈರಿ ಫಾರ್ಮಿನಲ್ಲಿ ಮೇವಿನ ಕೆಲಸ ನೋಡಿಕೊಳ್ಳುತ್ತೇನೆ. ಓದಿದ್ದು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ. ಐದು ವರ್ಷದಿಂದ ಹೈಬ್ರಿಡ್ ರೈ ಜೊತೆಗೇ ಬದುಕುತ್ತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಮೊದಲು ಆ ವಿಡಿಯೋ ವಿಷಯ. ಜರ್ಮನಿಯಲ್ಲಿ ಹಾಗೆ ಹಸಿರಾಗಿ ಕತ್ತರಿಸುವ ರೈ ಎಷ್ಟೋ ಸಲ ಹಸುವಿನ ಹೊಟ್ಟೆಗೆ ಹೋಗುವುದೇ ಇಲ್ಲ. ಸೈಲೇಜ್ ಮಾಡಿ, ಅಂದರೆ ಗಾಳಿಯಾಡದ ಹಾಗೆ ಮುಚ್ಚಿಟ್ಟು ಹುಳಿ ಬರಿಸಿ, ಬಯೋಗ್ಯಾಸ್ ಘಟಕಕ್ಕೆ ಹಾಕುತ್ತಾರೆ. ನಮ್ಮ ಗೋಬರ್ ಗ್ಯಾಸಿನ ದೊಡ್ಡಣ್ಣ ಅಂದುಕೊಳ್ಳಿ. ಆ ಯಂತ್ರ ಯಾರ ಹೊಟ್ಟೆ ತುಂಬಿಸುತ್ತಿತ್ತೋ ವಿಡಿಯೋ ನೋಡಿ ಹೇಳಲಾಗುವುದಿಲ್ಲ.

ಎಂಟು ಕೊಯ್ಲು ಅನ್ನುವುದು ಶುದ್ಧ ಸುಳ್ಳು. ನಾವು ಮಾಡುವುದು ಒಂದೇ ಕೊಯ್ಲು. ಸೆಪ್ಟೆಂಬರಿನಲ್ಲಿ ಮುಸುಕಿನ ಜೋಳ ಸೈಲೇಜಿಗೆ ಕಡಿದ ಮೇಲೆ ಅದೇ ಹೊಲದಲ್ಲಿ ಬಿತ್ತುತ್ತೇವೆ. ಹಿಮ ಬೀಳುವ ಮುಂಚೆ ತೆಂಡೆ, ಅಂದರೆ ಬುಡದ ಮರಿ ಚಿಗುರು, ಒಡೆಯಬೇಕು. ಆಮೇಲೆ ನಾಲ್ಕೈದು ತಿಂಗಳು ಹಿಮದ ಕೆಳಗೆ ಮಲಗಿರುತ್ತದೆ. ಹಿಮ ಕರಗಿದ ಕೂಡಲೇ ಉಳಿದೆಲ್ಲಕ್ಕಿಂತ ಮೊದಲು ಏಳುತ್ತದೆ. ಮೇ ಮೂರನೇ ವಾರದ ಹೊತ್ತಿಗೆ ಹೊಡೆ ಕಟ್ಟುತ್ತದೆ. ಆಗ ಕತ್ತರಿಸಿ, ಅದೇ ನೆಲಕ್ಕೆ ಮತ್ತೆ ಮುಸುಕಿನ ಜೋಳ. ಸುಮ್ನೆ ಖಾಲಿ ಬೀಳುವ ಚಳಿಗಾಲದ ನೆಲದಿಂದ ಒಂದು ಮೇವು ಹೆಚ್ಚಿಗೆ ಸಿಗುತ್ತದೆ, ಮಣ್ಣೂ ಕೊಚ್ಚಿಹೋಗುವುದಿಲ್ಲ. ಇಲ್ಲಿಯವರು ಇದನ್ನು ಬಿತ್ತುವುದೇ ಅದಕ್ಕೆ. ನಿಮ್ಮ ತಿಪಟೂರಿನ ನೆಲ ಚಳಿಗಾಲದಲ್ಲಿ ಖಾಲಿ ಬೀಳುವುದಿಲ್ಲವಲ್ಲ.

ಈಗ ಹೊಡೆಯ ವಿಷಯ. ಭತ್ತ ಬೆಳೆಯುವವರಿಗೆ ಬಿಡಿಸಿ ಹೇಳಬೇಕಿಲ್ಲ. ತೆನೆ ಇನ್ನೂ ಎಲೆಯ ಒರೆಯೊಳಗೇ ಇರುತ್ತದೆ, ಬೆರಳಲ್ಲಿ ಹಿಸುಕಿದರೆ ಮೆತ್ತಗೆ ಉಬ್ಬಿರುವುದು ಸಿಗುತ್ತದೆ. ಹಾಲಿನ ಹಸುವಿಗೆ ರೈ ಕತ್ತರಿಸಬೇಕಾದದ್ದು ಆಗ. ನಮ್ಮಲ್ಲಿ ಆ ಹಂತದಲ್ಲಿ ಒಣ ತೂಕದ ಲೆಕ್ಕಕ್ಕೆ ಪ್ರೋಟೀನ್ 15-16 ಶೇಕಡಾ ಬರುತ್ತದೆ. ತೆನೆ ಹೊರಗೆ ಬಂದು ಕಾಳು ಹಾಲು ತುಂಬುವ ಹೊತ್ತಿಗೆ 10ರ ಹತ್ತಿರ ಇಳಿದಿರುತ್ತದೆ, ದಂಟು ಕಟ್ಟಿಗೆಯಾಗಿರುತ್ತದೆ. ಗೋಧಿ ಒಂದೆರಡು ದಿನ ಕಾಯುತ್ತದೆ. ರೈ ಕಾಯುವುದಿಲ್ಲ.

ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ. ಒಂದು ಗುರುವಾರ ಹೊಲಕ್ಕೆ ಹೋಗಿ ಹಿಸುಕಿ ನೋಡಿದೆ, ಸರಿಯಾದ ಹೊಡೆ. ಯಜಮಾನರು ಬೇರೆ ಹೊಲದ ಬಿತ್ತನೆಯಲ್ಲಿದ್ದರು, ಸೋಮವಾರ ಮಾಡೋಣ ಅಂದರು. ನಾನೂ ಹೂಂ ಅಂದೆ. ಶನಿವಾರ ಮಳೆ ಹಿಡಿಯಿತು, ಬಿಟ್ಟದ್ದು ಬುಧವಾರ. ನೆಲ ಆರಿ ಯಂತ್ರ ಇಳಿಯುವಷ್ಟರಲ್ಲಿ ಹೊಲದ ತುಂಬಾ ತೆನೆ ತಲೆದೂಗುತ್ತಿತ್ತು. ನೋಡೋಕೆ ಬಹಳ ಚಂದ. ಆ ಸೈಲೇಜನ್ನು ಹಾಲಿನ ಹಸುಗಳ ಮುಂದೆ ಹಾಕಿದರೆ ಮೂತಿಯಿಂದ ಸರಿಸಿ ಸರಿಸಿ ಅಡಿಯಲ್ಲಿದ್ದ ದಾಣಿ ಹುಡುಕಿಕೊಂಡು ತಿಂದವು. ಗೋದಲಿಯ ತುಂಬಾ ದಂಟು ಉಳಿಯಿತು. ಕೊನೆಗೆ ಅಷ್ಟನ್ನೂ ಗೊಡ್ಡು ಹಸು, ಪಡ್ಡೆಗಳಿಗೆ ಹಾಕಿ ಮುಗಿಸಿದೆವು. ಅವುಗಳಿಗೆ ಅದೇ ಸರಿಹೋಯಿತು, ಅದು ಬೇರೆ ಮಾತು.

ಇನ್ನೊಂದು ತೊಂದರೆ ನೀರು. ಹೊಡೆಯಲ್ಲಿ ಕತ್ತರಿಸಿದ ರೈ ನೂರರಲ್ಲಿ ಎಂಬತ್ತು ಪಾಲಿಗಿಂತ ಜಾಸ್ತಿ ನೀರೇ. ಹಾಗೇ ತುಂಬಿ ಮುಚ್ಚಿದರೆ ಸೈಲೇಜ್ ಕೊಳೆತು ಹಳಸಿದ ಬೆಣ್ಣೆಯ ವಾಸನೆ ಹೊಡೆಯುತ್ತದೆ. ಒಂದು ದಿನ ಹೊಲದಲ್ಲೇ ಬಾಡಿಸಿ, ಒಣ ಅಂಶ ಶೇಕಡಾ 30-35ಕ್ಕೆ ಬಂದ ಮೇಲೆ ತುಂಬಬೇಕು. ಸರಿಯಾಗಿ ಬಂದರೆ ಬೆಳಗಿನ ಹುಳಿ ಬಂದ ದೋಸೆ ಹಿಟ್ಟಿನ ವಾಸನೆ. ನನಗೆ ಆ ವಾಸನೆಗೆ ಅಮ್ಮನ ಅಡುಗೆಮನೆ ನೆನಪಾಗುತ್ತದೆ. ಇಲ್ಲಿ ಯಾರಿಗೂ ಹೇಳಿದರೆ ಅರ್ಥವಾಗುವುದಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಕೊಟ್ಟಿಗೆ ಗೌಡ, ತಿಪಟೂರು

ಅಕ್ಕಾ, ಓದಿ ಖುಷಿಯಾಯಿತು. ಆದರೂ ಒಂದು ಅನುಮಾನ. ನಿಮ್ಮ ಧಾರವಾಡದಲ್ಲೇ ಗೋಧಿ ಬೆಳೆಯುತ್ತಾರಲ್ಲ? ಗೋಧಿ ಬಂದರೆ ಅದರ ತಂಗಿ ರೈ ಯಾಕೆ ಬರಬಾರದು? ಚಳಿ ಸಾಲದೆ ತೆನೆ ಬರದಿದ್ದರೆ ಬೇಡ ಬಿಡಿ, ನಮಗೆ ಬೇಕಾದ್ದು ಎಲೆ ತಾನೇ. ಊರಿಗೆ ಬರುವಾಗ ಬ್ಯಾಗಿನಲ್ಲಿ ಒಂದು ಕೆಜಿ ಬೀಜ ತಂದರೆ ಎರಡು ಗುಂಟೆಯಲ್ಲಿ ಹಾಕಿ ನೋಡುತ್ತೇನೆ.

ಧಾರವಾಡದಿಂದ ಮಿನ್ನೆಸೊಟಾ

ಒಳ್ಳೆ ಪ್ರಶ್ನೆ. ನಮ್ಮ ಕಡೆಯ ಗೋಧಿಗೆ ಕೊರೆಯುವ ಚಳಿ ಬೇಕಿಲ್ಲ, ಹಿಂಗಾರಿಯ ತಂಪು ಸಾಕು. ಮಾರಾಟದಲ್ಲಿರುವ ಹೈಬ್ರಿಡ್ ರೈ ಹೆಚ್ಚುಕಮ್ಮಿ ಎಲ್ಲವೂ ಚಳಿಗಾಲದ ಜಾತಿ. ಅದಕ್ಕೆ ವಾರಗಟ್ಟಲೆ ಸೊನ್ನೆ ಡಿಗ್ರಿಯಿಂದ ಸ್ವಲ್ಪ ಮೇಲಿನ ಚಳಿ ಸಿಕ್ಕರೆ ಮಾತ್ರ ದಂಟು ಏಳುವ ಮನಸ್ಸು ಬರುತ್ತದೆ. ಇಲ್ಲದಿದ್ದರೆ ನೆಲಕ್ಕೆ ಅಂಟಿಕೊಂಡು ಪೊದೆಯಾಗಿ ಕೂರುತ್ತದೆ. ಎಲೆ ಸಾಕು ಅಂತೀರಿ, ಆದರೆ ವಿಡಿಯೋದಲ್ಲಿ ನೀವು ನೋಡಿದ ಎತ್ತರವೆಲ್ಲ ದಂಟು ಎದ್ದ ಮೇಲಿನದು. ಅಮೆರಿಕದ ದಕ್ಷಿಣದಲ್ಲಿ, ಜಾರ್ಜಿಯಾ ಕಡೆ, ಚಳಿಗಾಲದ ಉದ್ದಕ್ಕೂ ರೈ ಹೊಲದಲ್ಲಿ ದನ ಮೇಯಿಸುವುದು ನಿಜ. ಅದಕ್ಕೆ ಅವರು ಬಳಸುವುದು ಅಗ್ಗದ ಸಾಮಾನ್ಯ ರೈ. ಅಲ್ಲಿಯ ಚಳಿಗಾಲವೂ ನಿಮ್ಮ ಡಿಸೆಂಬರ್ ತರಹ ಅಲ್ಲ, ಇಬ್ಬನಿ ಗಡ್ಡೆಕಟ್ಟುತ್ತದೆ.

ಹೈಬ್ರಿಡ್ ಬೀಜವನ್ನು ಇಲ್ಲಿ ಕಾಳು ಎಣಿಸಿ ಮಾರುತ್ತಾರೆ, ತೂಗಿ ಅಲ್ಲ. ಎಕರೆಗೆ ಸುಮಾರು 8 ಲಕ್ಷ ಕಾಳು. ತೆಂಡೆ ಜಾಸ್ತಿ ಒಡೆಯುವುದರಿಂದ ಬೀಜ ಕಮ್ಮಿ ಸಾಕು, ಆದರೆ ಬೆಲೆ ಜಾಸ್ತಿ. ಮನೆ ಬೀಜ ಇಟ್ಟುಕೊಂಡರೆ ಮುಂದಿನ ವರ್ಷ ಒಂದು ಗಿಡದ ಹಾಗೆ ಇನ್ನೊಂದಿರುವುದಿಲ್ಲ. ಪ್ರತಿ ವರ್ಷ ಕೊಳ್ಳಲೇಬೇಕು.

ಬ್ಯಾಗಿನಲ್ಲಿ ಮಾತ್ರ ತರುವುದಿಲ್ಲ ತಮ್ಮಾ. ಹೊರದೇಶದ ಬೀಜಕ್ಕೆ ಆಮದು ಪರವಾನಗಿ, ರೋಗ ಇಲ್ಲ ಅನ್ನುವ ಸರ್ಟಿಫಿಕೇಟು ಎರಡೂ ಬೇಕು. ಅದು ಸುಮ್ನೆ ಮಾಡಿದ ಕಾನೂನಲ್ಲ, ಕಾರಣ ಮುಂದೆ ಯಾರಾದರೂ ಕೇಳಿದರೆ ಹೇಳುತ್ತೇನೆ.

ಗೋಡಾಕ್ಟ್ರು

ಕಾರಣ ನಾನೇ ಹೇಳುತ್ತೇನೆ, ಮೇಡಂ ಅರ್ಗಟ್ ಬಗ್ಗೆ ಹೇಳುತ್ತಿದ್ದಾರೆ. ನಾನು ಪಶುವೈದ್ಯೆ, ಹಾಸನದ ಕಡೆ ಕೆಲಸ. ರೈ ತೆನೆಯಲ್ಲಿ ಕೆಲವು ಕಾಳಿನ ಜಾಗದಲ್ಲಿ ಇಲಿಹಿಕ್ಕೆಯಂಥ ಕಪ್ಪು ನೇರಳೆ ಕೊಂಬು ಬೆಳೆಯುತ್ತದೆ. ಅದು ಶಿಲೀಂಧ್ರ. ಅದರ ವಿಷ ರಕ್ತನಾಳವನ್ನು ಬಿಗಿಯುತ್ತದೆ. ತಿಂದ ದನದ ಬಾಲದ ತುದಿ, ಕಿವಿ, ಗೊರಸಿನ ಹತ್ತಿರದ ಚರ್ಮಕ್ಕೆ ರಕ್ತ ಹೋಗದೆ ಸತ್ತು ಉದುರಬಹುದು. ಹಾಲು ಇಳಿಯುತ್ತದೆ. ಹಂದಿಗಳಲ್ಲಿ ಮರಿ ಹಾಕಿದ ತಾಯಿಗೆ ಹಾಲೇ ಬರುವುದಿಲ್ಲ. ಯುರೋಪಿನಲ್ಲಿ ದನದ ಆಹಾರಕ್ಕೆ ಹೋಗುವ, ಪುಡಿ ಮಾಡದ ಧಾನ್ಯದಲ್ಲಿ ಇದು ಕೆಜಿಗೆ 1 ಗ್ರಾಂ ಮೀರಬಾರದು ಅಂತ ಕಾನೂನಿದೆ.

ಒಂದು ಸಮಾಧಾನ ಇದೆ. ಈ ರೋಗ ಬರುವುದು ಹೂವಿಗೆ. ಹೊಡೆಯಲ್ಲೇ ಕತ್ತರಿಸಿದ ಹಸಿರು ಮೇವಿಗೆ ಆ ಭಯ ಇಲ್ಲ. ಭಯ ಇರುವುದು ಕಾಳು ತಿನ್ನಿಸುವವರಿಗೆ.

ಕಾಳಿನಲ್ಲಿ ಇನ್ನೊಂದು ಎಚ್ಚರ. ರೈ ಪಿಷ್ಟ ಗೋಧಿಯ ಹಾಗೆ ಹೊಟ್ಟೆಯಲ್ಲಿ ಬೇಗ ಹುಳಿಯಾಗುತ್ತದೆ. ಮದುವೆ ಮನೆಯಲ್ಲಿ ಮಿಕ್ಕ ಅನ್ನ ತಿಂದ ಹಸುವನ್ನು ನೀವೆಲ್ಲ ನೋಡಿದ್ದೀರಿ. ಮೆಲುಕು ನಿಲ್ಲುತ್ತದೆ, ಮಂಕಾಗಿ ನಿಲ್ಲುತ್ತದೆ, ಆಮೇಲೆ ಹುಳಿ ವಾಸನೆಯ ಭೇದಿ. ಅದೇ ಕಥೆ ಇಲ್ಲೂ. ನುಣ್ಣಗೆ ಬೀಸದೆ ತರಿಯಾಗಿ ಒಡೆದು, ಹುಲ್ಲಿನ ಜೊತೆ, ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಏರಿಸಿ ಕೊಡಬೇಕು.

ಬಾದಾಮಿ ಕಾಕಾ

ಎಲ್ಲಾರಿಗೂ ಶರಣು. ಆ ಕಪ್ಪು ಕೊಂಬಿನ ಮಾತು ಓದಿ ನನಗ ಸಜ್ಜಿ ನೆನಪಾತು. ನಮ್ಮ ಕಡೆ ಸಜ್ಜಿ ತೆನಿಯಾಗ ಹೂವಿನ ಹೊತ್ತಿಗೆ ಮೋಡ, ಜಿಟಿಜಿಟಿ ಮಳಿ ಹಿಡಿದರೆ ಜೇನಿನಂಥ ಅಂಟು ಸುರಿಯುತ್ತದೆ. ಇರುವೆ, ನೊಣ ಮುತ್ತುತ್ತವೆ. ಆಮೇಲೆ ಕಾಳಿನ ಜಾಗದಾಗ ಕರ್ರನೆ ಗಂಟು. ನಮ್ಮವ್ವ ಬಿತ್ತೋ ಬೀಜವನ್ನು ಉಪ್ಪುನೀರಿನಾಗ ಹಾಕಿ ಕಲಕುತ್ತಿದ್ದಳು. ಜೊಳ್ಳು, ಕರಿ ಗಂಟು ಮ್ಯಾಲೆ ತೇಲುತ್ತಿದ್ದವು, ಬಳಿದು ಒಗೆದು, ಒಳ್ಳೆ ಕಾಳನ್ನು ಸಿಹಿನೀರಿನಾಗ ತೊಳೆದು ನೆರಳಿಗೆ ಹರಡುತ್ತಿದ್ದಳು. ಇದು ಆ ರೋಗದ ನೆಂಟನೇ ಏನು ಡಾಕ್ಟ್ರವ್ವಾ?

ಇನ್ನೊಂದು ಮಾತು. ನಮ್ಮಪ್ಪ ಹೇಳುತ್ತಿದ್ದ, ಹೈಬ್ರಿಡ್ ಸಜ್ಜಿ ಬಂದ ಮ್ಯಾಲೇ ಈ ಕಾಟ ಜಾಸ್ತಿ ಆತು ಅಂತ. ಖರೇನೋ ಸುಳ್ಳೋ?

ಗೋಡಾಕ್ಟ್ರು

ನೆಂಟನಲ್ಲ ಕಾಕಾ, ಒಡಹುಟ್ಟಿದವನು. ಒಂದೇ ಕುಲದ ಶಿಲೀಂಧ್ರ, ಜಾತಿ ಮಾತ್ರ ಬೇರೆ. ಅವ್ವನ ಉಪ್ಪುನೀರಿನ ಪದ್ಧತಿಯನ್ನೇ ಇವತ್ತಿಗೂ ಶಿಫಾರಸು ಮಾಡುತ್ತಾರೆ.

ಧಾರವಾಡದಿಂದ ಮಿನ್ನೆಸೊಟಾ

ಕಾಕಾ, ನಿಮ್ಮಪ್ಪ ಹೇಳಿದ್ದು ಖರೆ. ಕಾರಣ ಕೇಳಿದರೆ ನಿಮಗೆ ರೈ ಕಥೆಯೂ ಅರ್ಥವಾಗುತ್ತದೆ.

ಎರಡು ತಳಿ ಕೂಡಿಸಿ ಹೈಬ್ರಿಡ್ ಮಾಡಲು, ಬೀಜ ಕಟ್ಟುವ ತಾಯಿ ಗಿಡ ತಾನು ಪರಾಗ ಕೊಡಬಾರದು. ಅಂಥ ಬಂಜೆ ಗಿಡ ಸಿಕ್ಕ ಮೇಲೆ ತಾನೇ ನಮ್ಮಲ್ಲಿ 1964ರಲ್ಲಿ ಸಿಎಸ್‌ಎಚ್-1 ಜೋಳ, ಮರುವರ್ಷ ಎಚ್‌ಬಿ-1 ಸಜ್ಜೆ ಬಂದದ್ದು. ರೈಗೆ ಆ ಗುಣ ಸಿಕ್ಕಿದ್ದು ಅರ್ಜೆಂಟೀನಾದ ಪಂಪಾ ಬಯಲಿನ ರೈಯಲ್ಲಿ. ಜರ್ಮನಿಯ ಹೋಹೆನ್‌ಹೈಮ್ ವಿಶ್ವವಿದ್ಯಾಲಯದ ಗೈಗರ್ ಮತ್ತು ಶ್ನೆಲ್ ಅದನ್ನು 1970ರಲ್ಲಿ ಪ್ರಕಟಿಸಿದರು. ಮೊದಲ ಹೈಬ್ರಿಡ್ ತಳಿಗಳು ರೈತರ ಕೈಗೆ ಬಂದದ್ದು 1984ರಲ್ಲಿ. ನೋಡಿ, ಈ ವಿಷಯದಲ್ಲಿ ನಮ್ಮ ಜೋಳ ಅವರ ರೈಗಿಂತ ಇಪ್ಪತ್ತು ವರ್ಷ ಮುಂದೆ!

ತೊಂದರೆ ಎಲ್ಲಿ ಬಂತು ಅಂದರೆ, ರೈತನ ಹೊಲದಲ್ಲೂ ಆ ಹೈಬ್ರಿಡ್ ಗಿಡ ಪೂರ್ತಿ ಪರಾಗ ಉದುರಿಸುತ್ತಿರಲಿಲ್ಲ. ರೈ ತನ್ನದೇ ಪರಾಗಕ್ಕೆ ಕಾಳು ಕಟ್ಟುವುದಿಲ್ಲ, ಗಾಳಿಯಲ್ಲಿ ಪಕ್ಕದ ಗಿಡದ್ದು ಬರಬೇಕು. ಬರುವ ತನಕ ಹೂವು ಬಾಯಿ ತೆರೆದುಕೊಂಡು ಕಾಯುತ್ತದೆ. ಆಗ ಪರಾಗದ ಬದಲು ಅರ್ಗಟ್ ಬೀಜಾಣು ಬಂದು ಕೂತರೆ ಮುಗಿಯಿತು. ಸಜ್ಜೆಯಲ್ಲೂ ಪರಾಗಕ್ಕೆ ಕಾದು ನಿಂತ ಹೂವಿಗೇ ಅಪಾಯ ಜಾಸ್ತಿ.

ರೈಯಲ್ಲಿ ಇದಕ್ಕೆ ಎರಡು ದಾರಿ ಮಾಡಿಕೊಂಡರು. ಮಾರುವ ಬೀಜದಲ್ಲಿ ನೂರಕ್ಕೆ ಹತ್ತು ಪಾಲಿನಷ್ಟು ಸಾಮಾನ್ಯ ರೈ ಬೆರೆಸುವುದು, ಅದು ಎಲ್ಲರಿಗೂ ಪರಾಗ ಹಂಚಲಿ ಅಂತ. ಆಮೇಲೆ ಇರಾನಿನ, ಅರ್ಜೆಂಟೀನಾದ ಹಳೆಯ ರೈಗಳಿಂದ ಪರಾಗ ಚೆನ್ನಾಗಿ ಬರಿಸುವ ಗುಣ ತಂದು ಸೇರಿಸಿದರು. ಈಗಿನ ತಳಿಗಳು ಹೂ ಬಿಟ್ಟಾಗ ಹೊಲದ ಮೇಲೆ ಹಳದಿ ಧೂಳು ಎದ್ದ ಹಾಗೆ ಕಾಣುತ್ತದೆ. ಆ ಧೂಳು ಕಂಡರೆ ನಮಗೆ ಸಮಾಧಾನ.

ಕೂರ್ಗ್ ಹಂದಿಮನೆ

ನಮಸ್ಕಾರ. ನಾನು ಹಂದಿ ಸಾಕುತ್ತೇನೆ. ಡೆನ್ಮಾರ್ಕಿನಲ್ಲಿ ಹಂದಿಗೆ ರೈ ಹಾಕುತ್ತಾರೆ ಅಂತ ಕೇಳಿದ್ದೆ. ಹೌದಾ? ಕೋಳಿಗೆ ನಡೆಯುತ್ತದಾ?

ಧಾರವಾಡದಿಂದ ಮಿನ್ನೆಸೊಟಾ

ಹೌದು, ಡೆನ್ಮಾರ್ಕ್, ಜರ್ಮನಿ ಎರಡೂ ಕಡೆ. ರೈಯಲ್ಲಿ ನಾರು ಜಾಸ್ತಿ. ಅದು ಹಂದಿಯ ದೊಡ್ಡ ಕರುಳಿನಲ್ಲಿ ಹುದುಗಿ ಬ್ಯುಟಿರೇಟ್ ಅನ್ನುವ ಆಮ್ಲವಾಗುತ್ತದೆ, ಕರುಳಿಗೆ ಅದು ಒಳ್ಳೆಯದು. ಹೊಟ್ಟೆ ತುಂಬಿದ ಹಾಗೆ ತುಂಬಾ ಹೊತ್ತು ಇರುವುದರಿಂದ ಗಬ್ಬದ ಹಂದಿಗಳು ಕಿತ್ತಾಡುವುದು ಕಡಿಮೆ ಅಂತ ಸಾಕುವವರು ಹೇಳುತ್ತಾರೆ. ಪ್ರೋಟೀನ್ ಗೋಧಿಗಿಂತ ಕಮ್ಮಿ, ಸೋಯಾ ಹಿಂಡಿ ಸೇರಿಸಿ ಸರಿದೂಗಿಸಬೇಕು. ಅರ್ಗಟ್ ಇರಬಾರದು, ಅದು ಮೊದಲ ಷರತ್ತು.

ಕೋಳಿಗೆ ಅಷ್ಟು ಒಗ್ಗುವುದಿಲ್ಲ. ಅದೇ ನಾರು ಕೋಳಿಯ ಕರುಳಲ್ಲಿ ಲೋಳೆಯಾಗುತ್ತದೆ. ಹಿಕ್ಕೆ ಅಂಟಂಟಾಗಿ ಶೆಡ್ಡಿನಲ್ಲಿ ಹಾಸಿದ ಹೊಟ್ಟು ಎಲ್ಲ ಒದ್ದೆ. ಕಿಣ್ವ ಬೆರೆಸಿ ಸ್ವಲ್ಪ ಪ್ರಮಾಣದಲ್ಲಿ ಕೊಡುವವರಿದ್ದಾರೆ. ಆದರೆ ಅಣ್ಣಾ, ಕೊಡಗಿನಲ್ಲಿ ರೈ ಕಾಳು ಎಲ್ಲಿಂದ ತರುತ್ತೀರಿ? ನಿಮಗೆ ಹೋಟೆಲ್ ಮುಸುರೆಯೇ ಅಗ್ಗ.

ಕೂರ್ಗ್ ಹಂದಿಮನೆ

ಸುಮ್ನೆ ಕೇಳಿದೆ ಅಕ್ಕ. ಮುಸುರೆ ಡ್ರಮ್ಮಿನಲ್ಲಿ ಪ್ಲಾಸ್ಟಿಕ್ ಚಮಚ ಹೆಕ್ಕಿ ಹೆಕ್ಕಿ ಸಾಕಾಗಿದೆ, ಅದಕ್ಕೆ.

ನಾಟಿ ನಂಜಪ್ಪ

ಇಷ್ಟುದ್ದ ಯಾಕೆ ಬೇಕು ಇದೆಲ್ಲ? ಹೊರಗಿನದು ಅಂದ ಕೂಡಲೇ ಬಾಯಿ ಬಿಡುವುದು ಬಿಡಿ. ರಾಗಿ ಹುಲ್ಲು ತಿಂದ ಹಳ್ಳಿಕಾರ್ ಎತ್ತು ಗಾಡಿ ಎಳೆಯಲಿಲ್ವಾ?

ಮಂಡ್ಯದ ಮೇವು

ನಂಜಪ್ಪನವರೇ, ಎತ್ತು ಎಳೆಯಿತು, ಹಾಲು ಕೊಡಲಿಲ್ಲ. ಗೌಡ್ರು ಡೈರಿಗೆ ಹಾಕುವುದು ಎಚ್‌ಎಫ್ ಹಾಲು. ಹಾಗೆ ನೋಡಿದರೆ ಸೀಮೆಹುಲ್ಲು, ಮುಸುಕಿನ ಜೋಳ ಎರಡೂ ಒಂದು ಕಾಲಕ್ಕೆ ಹೊರಗಿನವೇ.

ಗೌಡ್ರೇ, ನಿಮಗೆ ಚಳಿಗಾಲದಲ್ಲಿ ಗೋಧಿ ಜಾತಿಯ ಮೇವೇ ಬೇಕಿದ್ದರೆ ಓಟ್ಸ್ ಹಾಕಿ. ಕೆಂಟ್ ಅನ್ನುವ ತಳಿ ನಮ್ಮ ಕಡೆ ಬರುತ್ತದೆ. ಅಕ್ಟೋಬರ್ ಕೊನೆ, ನವೆಂಬರಿನಲ್ಲಿ ಬಿತ್ತಿದರೆ ಐವತ್ತು ಅರವತ್ತು ದಿನಕ್ಕೆ ಕೊಯ್ಲು. ಮಂಡ್ಯದ ವಿ.ಸಿ. ಫಾರ್ಮ್, ಧಾರವಾಡದ ಹುಲ್ಲುಗಾವಲು ಸಂಶೋಧನಾ ಕೇಂದ್ರ ಎರಡರಲ್ಲೂ ಮೇವಿನ ಬೆಳೆಯ ಕೆಲಸ ನಡೆಯುತ್ತದೆ, ಅಲ್ಲಿ ಕೇಳಿ. ಮಾರ್ಚಿನ ಪರದಾಟಕ್ಕೆ ಮಾತ್ರ ಓಟ್ಸ್ ಉತ್ತರ ಅಲ್ಲ. ಮುಂಗಾರಿನಲ್ಲಿ ಆಫ್ರಿಕನ್ ಟಾಲ್ ಅನ್ನುವ ಮೇವಿನ ಮುಸುಕಿನ ಜೋಳ ಹಾಕಿ, ಕಾಳು ಹಾಲು ತುಂಬಿ ಗಟ್ಟಿಯಾಗುವ ಹೊತ್ತಿಗೆ ಕಡಿದು ಸೈಲೇಜ್ ಮಾಡಿಟ್ಟುಕೊಳ್ಳಿ.

ಒಂದು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಈಗಿರುವ ಸೀಮೆಹುಲ್ಲನ್ನು ಎಷ್ಟು ದಿನಕ್ಕೆ ಕೊಯ್ಯುತ್ತೀರಿ?

ಕೊಟ್ಟಿಗೆ ಗೌಡ, ತಿಪಟೂರು

ಲೆಕ್ಕ ಇಟ್ಟಿಲ್ಲ ಸರ್. ತಲೆ ಮೀರಿದಾಗ ಕೊಯ್ಯುತ್ತೇವೆ. ಎರಡು ಎರಡೂವರೆ ತಿಂಗಳಾಗುತ್ತದೇನೋ. ಜಾಸ್ತಿ ಬೆಳೆದಷ್ಟೂ ಜಾಸ್ತಿ ಮೇವು ಅಲ್ವಾ?

ಮಂಡ್ಯದ ಮೇವು

ನಾಟಿ ಮಾಡಿದ ಮೊದಲ ಕೊಯ್ಲಿಗೆ ಎರಡೂವರೆ ತಿಂಗಳು ಸರಿ. ಆಮೇಲೆ 45 ದಿನಕ್ಕೊಮ್ಮೆ. ನೀವು ಚಾಫ್ ಕಟರಿಗೆ ಹಾಕುತ್ತಿರುವುದು ಅರ್ಧ ಬೊಂಬು.

ಧಾರವಾಡದಿಂದ ಮಿನ್ನೆಸೊಟಾ

ನಮ್ಮ ಬುಧವಾರದ ರೈ ಇದ್ದ ಹಾಗೆ! ಗೌಡ್ರೇ, ಬೆಳಿಗ್ಗೆ ಗೋದಲಿಯಲ್ಲಿ ಉಳಿದದ್ದು ಒಂದು ಸಲ ಕೈಯಲ್ಲಿ ಎತ್ತಿ ನೋಡಿ. ಗೆಣ್ಣು ಗೆಣ್ಣು ದಂಟೇ ಉಳಿದಿರುತ್ತದೆ.

ಗೋಡಾಕ್ಟ್ರು

ಬೇಗ ಕೊಯ್ಯಿ ಅಂದ ಕೂಡಲೇ ಜೋಳಕ್ಕೂ (ಮುಸುಕಿನ ಜೋಳ ಅಲ್ಲ, ರೊಟ್ಟಿ ಜೋಳ) ಅದನ್ನೇ ಮಾಡಬೇಡಿ, ದಯವಿಟ್ಟು. ಎಳೆ ಜೋಳದಲ್ಲಿ, ಅದರಲ್ಲೂ ಬಾಡಿ ಮತ್ತೆ ಮಳೆಗೆ ಚಿಗುರಿದ ಕೂಳೆಯಲ್ಲಿ ವಿಷ ಇರುತ್ತದೆ. ಹೋದ ಜೂನಿನಲ್ಲಿ ರಾತ್ರಿ ಒಂಬತ್ತಕ್ಕೆ ಫೋನು ಬಂತು. ಹಗ್ಗ ಕಿತ್ತುಕೊಂಡ ಹಸು ಪಕ್ಕದ ಹೊಲದ ಜೋಳದ ಕೂಳೆ ತಿಂದಿತ್ತು. ನಾನು ಹೋಗಿ ಆ ವಿಷ ಇಳಿಸುವ ಹೈಪೋ ಇಂಜೆಕ್ಷನ್ ರಕ್ತನಾಳಕ್ಕೆ ಕೊಡುವಷ್ಟರಲ್ಲಿ ನೆಲಕ್ಕೆ ಬಿದ್ದು ಉಸಿರಿಗೆ ಒದ್ದಾಡುತ್ತಿತ್ತು. ಅದು ಬದುಕಿತು. ಅದರ ಜೊತೆ ಹೋಗಿದ್ದ ಕಡಸು ಹೊಲದಲ್ಲೇ ಸತ್ತಿತ್ತು, ಮನೆಯವರಿಗೆ ಅದು ಕಾಣೆಯಾದದ್ದೂ ಗೊತ್ತಿರಲಿಲ್ಲ. ಜೋಳ ಹೂ ಬಂದ ಮೇಲೆಯೇ ಕೊಯ್ಯಿರಿ. ರೈಯಲ್ಲಿ ಈ ವಿಷ ಇಲ್ಲ, ಅದೊಂದು ಅದರ ಪುಣ್ಯ.

ಕೊಟ್ಟಿಗೆ ಗೌಡ, ತಿಪಟೂರು

ಇವತ್ತು ಬೆಳಿಗ್ಗೆ ಗೋದಲಿ ಗುಡಿಸಿ ತೂಗಿದೆ. ಆರು ಹಸು ಬಿಟ್ಟದ್ದು 31 ಕೆಜಿ, ಎಲ್ಲ ದಂಟು. ನನ್ನಾಕೆ "ನಾನು ದಿನಾ ತಿಪ್ಪೆಗೆ ಹೊರುವುದು ಇದನ್ನೇ, ಈಗ ಗೊತ್ತಾಯಿತಾ" ಅಂದಳು.

ಬೀಜದವರು ಮತ್ತೆ ಫೋನ್ ಮಾಡಿದ್ದರು. ಕಾಳಿನ ಫೋಟೋ ಕಳಿಸಿ ಅಂದೆ. ಕಳಿಸಿದ್ದಾರೆ, ಹಾಕಿದ್ದೇನೆ ನೋಡಿ. ಮಂಜಣ್ಣಾ, ಇದು ಊದಿದರೆ ಹಾರುವುದೋ, ಹಾರದ್ದೋ?

ಮಲೆನಾಡ ಮಂಜು, ಕೊಪ್ಪ

ಹಾರುತ್ತದೆ ಗೌಡ್ರೇ. ನಮ್ಮ ನಾಯಿ ಹಾಸಿಗೆಯೇ ಇದು.